ವೇದಿಕೆಯಲ್ಲಿ ನಗಿಸುವ ತಮ್ಮ ಕ್ಯಾಮೆರಾ ಮುಂದೆ ಯಾಕೆ ಸೋಲುತ್ತಾನೆ?

ಪ್ರಶ್ನೆ: ನಮ್ಮದು ಜಮಖಂಡಿ. ನನ್ನ ತಮ್ಮನಿಗೆ 27 ವರ್ಷ. ಆರು ವರ್ಷದಿಂದ ಹಾಸ್ಯ ಕಾರ್ಯಕ್ರಮ ಕೊಡುತ್ತಿದ್ದಾನೆ. ಜಾತ್ರೆ, ಗಣಪತಿ ಹಬ್ಬ, ಕಾಲೇಜು ಗ್ಯಾದರಿಂಗ್ ಅಂತ ಶುರು ಮಾಡಿದ. ಈಗ ಬೆಳಗಾವಿಯಲ್ಲಿ ಸ್ಟ್ಯಾಂಡ್‌ಅಪ್ ಕೂಡ ಮಾಡುತ್ತಾನೆ. ಒಬ್ಬನೇ ನಿಂತು ಮುಕ್ಕಾಲು ತಾಸು ಜನರನ್ನು ನಗಿಸುತ್ತಾನೆ. ಸಿನಿಮಾ ಅವನ ಆಸೆ. ಬೆಂಗಳೂರಿಗೆ ಮೂರು ಸಲ ಆಡಿಷನ್‌ಗೆ ಹೋಗಿ ಬಂದ. ಮೂರು ಕಡೆಯೂ ‘ಓವರ್ ಆಕ್ಟಿಂಗ್’ ಅಂದರಂತೆ. ಈಗ ಮನೆಯಲ್ಲಿ ಮಾತೇ ಕಡಿಮೆ. ಅಪ್ಪ ‘ಅಂಗಡಿ ನೋಡಿಕೋ’ ಅನ್ನುತ್ತಿದ್ದಾರೆ. ರಾಜು ತಾಳಿಕೋಟೆ, ಜಾನಿ ಲಿವರ್ ಇವರೆಲ್ಲ ವೇದಿಕೆಯಿಂದಲೇ ಸಿನಿಮಾಕ್ಕೆ ಹೋದವರು ಅಲ್ವಾ? ಅವರಿಗೆ ಆದದ್ದು ಇವನಿಗೆ ಯಾಕೆ ಆಗುತ್ತಿಲ್ಲ? ಬಿಡು ಅನ್ನಬೇಕೋ, ಮುಂದುವರಿಸು ಅನ್ನಬೇಕೋ?

ಉತ್ತರ: ತಂಗಿ, ಬಿಡು ಅನ್ನಬೇಡಿ. ಆದರೆ ಈಗ ಹೋಗುತ್ತಿರುವ ಹಾಗೆಯೇ ಹೋಗಲಿ ಅಂತಲೂ ನಾನು ಹೇಳುವುದಿಲ್ಲ. ಮೂರು ಕಡೆ ಒಂದೇ ಮಾತು ಬಂದಿದೆ ಅಂದರೆ ಅದರಲ್ಲಿ ಏನೋ ಇದೆ. ಆ ಏನೋ ಅಂದರೆ ಏನು ಅಂತ ಅವನಿಗೆ ಯಾರೂ ಕೂತು ಬಿಡಿಸಿ ಹೇಳಿಲ್ಲ. ಆಡಿಷನ್‌ನಲ್ಲಿ ಅವರಿಗೆ ಅಷ್ಟು ಹೊತ್ತು ಇರುವುದೂ ಇಲ್ಲ. ನಾನು ಮೂವತ್ತು ವರ್ಷ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರಿಗೆ ನಾಟಕ ಕಲಿಸಿದ್ದೇನೆ. ಕೆಲವು ಸಿನಿಮಾಗಳ ಸೆಟ್‌ನಲ್ಲಿ ಕೂತು ನಟರಿಗೆ ನಮ್ಮ ಕಡೆಯ ಮಾತು ಹೇಳಿಕೊಟ್ಟಿದ್ದೇನೆ. ನಿಮ್ಮ ತಮ್ಮನ ಹಾಗೆ ಬಂದು, ಅವನ ಹಾಗೆಯೇ ಮುಖ ಸಪ್ಪಗೆ ಮಾಡಿಕೊಂಡು ಬಸ್ ಹತ್ತಿದ ಹುಡುಗರನ್ನು ಬಹಳ ನೋಡಿದ್ದೇನೆ.

ಒಬ್ಬನ ಕಥೆ ಹೇಳುತ್ತೇನೆ. ಮುಧೋಳ ಕಡೆಯ ಹುಡುಗ. ವೇದಿಕೆ ಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಒಂದು ಸಿನಿಮಾದಲ್ಲಿ ಸಣ್ಣ ಪಾತ್ರ ಸಿಕ್ಕಿತು. ಕಿರಾಣಿ ಅಂಗಡಿಯವನ ಪಾತ್ರ, ನಾಲ್ಕು ಮಾತು. ಮೊದಲ ಮಾತು ಹೇಳಿದ, ನಿಂತ. ಎರಡನೇ ಮಾತು ಹೇಳಿದ, ಮತ್ತೆ ನಿಂತ. ಎದುರಿಗಿದ್ದ ನಟ ಉತ್ತರ ಕೊಡಲು ಬಾಯಿ ತೆಗೆದರೆ ಇವನು ಇನ್ನೂ ನಿಂತೇ ಇದ್ದಾನೆ. ನಿರ್ದೇಶಕರು ‘ಯಾಕಪ್ಪ ನಿಲ್ಲುತ್ತೀಯಾ?’ ಅಂತ ಕೇಳಿದರು. ಹುಡುಗನಿಗೆ ತಾನು ನಿಲ್ಲುತ್ತಿದ್ದೇನೆ ಅನ್ನುವುದೇ ಗೊತ್ತಿರಲಿಲ್ಲ. ಏಳು ಟೇಕ್ ಆದವು. ಪ್ರತಿ ಟೇಕ್‌ಗೂ ಅವನ ದನಿ ಏರಿತು, ಹುಬ್ಬು ಏರಿತು, ಕೈ ಜಾಸ್ತಿ ಆಡಿದವು. ಕೊನೆಗೆ ನಾಲ್ಕರಲ್ಲಿ ಮೂರು ಮಾತು ಕತ್ತರಿಸಿದರು.

ಅವನು ಯಾಕೆ ನಿಂತ? ನಗುವಿಗಾಗಿ. ಆರು ವರ್ಷ ಪ್ರತಿ ರಾತ್ರಿ ಒಂದು ಮಾತು, ಒಂದು ನಗು, ಒಂದು ಮಾತು, ಒಂದು ನಗು ಅಂತ ಅವನ ಮೈ ಕಲಿತಿತ್ತು. ವೇದಿಕೆಯ ಹಾಸ್ಯಗಾರನಿಗೆ ನಗು ಬರೀ ಬಹುಮಾನ ಅಲ್ಲ, ಅದು ತಬಲಾ ಇದ್ದ ಹಾಗೆ. ಎಲ್ಲಿ ಏರಬೇಕು, ಎಲ್ಲಿ ತಡೆಯಬೇಕು, ಮುಂದಿನ ಜೋಕ್ ಈಗ ಹೇಳಬೇಕೋ ಒಂದು ಉಸಿರು ಬಿಟ್ಟು ಹೇಳಬೇಕೋ, ಎಲ್ಲವನ್ನೂ ಆ ನಗು ತಿಳಿಸುತ್ತದೆ. ಸೆಟ್‌ನಲ್ಲಿ ಆ ತಬಲಾ ಇಲ್ಲ. ‘ಆಕ್ಷನ್’ ಅಂದ ಮೇಲೆ ಅಷ್ಟೂ ಜನ ಉಸಿರು ಬಿಗಿ ಹಿಡಿದು ನಿಂತಿರುತ್ತಾರೆ. ಲೈಟ್ ಹುಡುಗರಿಗೆ ನಗು ಬಂದರೂ ಬಾಯಿಗೆ ಕೈ ಹಿಡಿದುಕೊಳ್ಳಬೇಕು. ಹಾಸ್ಯಗಾರನಿಗೆ ಆ ಮೌನ ಏನಂತ ಕೇಳಿಸುತ್ತದೆ ಗೊತ್ತಾ? ‘ಜೋಕ್ ಬಿದ್ದುಹೋಯಿತು’ ಅಂತ. ಬಿದ್ದ ಜೋಕನ್ನು ಎತ್ತಲು ಅವನು ಜೋರು ಮಾಡುತ್ತಾನೆ. ಅದನ್ನೇ ಆ ಕಡೆ ಕೂತವರು ಓವರ್ ಆಕ್ಟಿಂಗ್ ಅನ್ನುವುದು.

ನನಗೆ ಆ ಪದವೇ ಸರಿ ಅನ್ನಿಸುವುದಿಲ್ಲ. ನಿಮ್ಮ ತಮ್ಮ ಜಾಸ್ತಿ ನಟಿಸುತ್ತಿಲ್ಲ. ತಪ್ಪು ಕಡೆ ಕಿವಿ ಕೊಟ್ಟಿದ್ದಾನೆ. ಅವನ ಕಿವಿ ಇನ್ನೂ ಕಾಣದ ಐನೂರು ಜನರ ಕಡೆ ಇದೆ. ಅದು ಎದುರಿಗೆ ನಿಂತ ಒಬ್ಬ ಮನುಷ್ಯನ ಕಡೆ ತಿರುಗಬೇಕು. ಇದು ಒಂದು ಬದಲಾದರೆ ಹುಬ್ಬು, ಕೈ, ದನಿ ತಾನಾಗಿಯೇ ಇಳಿಯುತ್ತವೆ. ಇದು ಬದಲಾಗದೆ ಬರೀ ‘ಕಮ್ಮಿ ಮಾಡು, ಕಮ್ಮಿ ಮಾಡು’ ಅಂದರೆ ಅವನು ಸತ್ತವನ ಹಾಗೆ ನಿಲ್ಲುತ್ತಾನೆ. ಅದನ್ನೂ ನೋಡಿದ್ದೇನೆ.

ನಮ್ಮ ಮನೆಗಳ ಒಂದು ಮಾತನ್ನೇ ತಗೊಳ್ಳಿ. ಬೀಗರು ಬಂದಿದ್ದಾರೆ. ‘ಚಾ ಕುಡೀರಿ.’ ‘ಈಗರ ಕುಡದ ಬಂದೇವ್ರಿ.’ ‘ಹಂಗಂದ್ರ ಹೆಂಗ್ರಿ, ಅರ್ಧಾ ಕಪ್ಪರ ತಗೋರಿ.’ ವೇದಿಕೆಯಲ್ಲಿ ನಿಮ್ಮ ತಮ್ಮ ಇದನ್ನು ಎರಡು ದನಿಯಲ್ಲಿ ಮಾಡುತ್ತಾನೆ. ಆ ಕಡೆ ತಿರುಗಿ ಬೀಗರಾಗುತ್ತಾನೆ, ಈ ಕಡೆ ತಿರುಗಿ ಮನೆಯಾಕೆ ಆಗುತ್ತಾನೆ. ಅರ್ಧ ಕಪ್ ಅಂತ ಅಂಚಿನ ತನಕ ಸುರಿಯುವುದನ್ನು ಗಾಳಿಯಲ್ಲೇ ತೋರಿಸುತ್ತಾನೆ. ಜನ ನಗುತ್ತಾರೆ, ಯಾಕೆಂದರೆ ಎಲ್ಲರ ಮನೆಯಲ್ಲೂ ಅದೇ ನಡೆಯುವುದು. ಕ್ಯಾಮೆರಾ ಮುಂದೆ ಅವನು ಬೀಗ ಮಾತ್ರ. ಮನೆಯಾಕೆ ಬೇರೆ ನಟಿ. ಕಪ್ ನಿಜವಾಗಿಯೂ ತುಂಬುತ್ತಿದೆ. ಅವನು ಮಾಡಬೇಕಾದದ್ದು ಇಷ್ಟೇ. ಕಪ್ ನೋಡಬೇಕು, ಆಕೆಯ ಮುಖ ನೋಡಬೇಕು, ಸುಮ್ನೆ ಕುಡಿಯಬೇಕು. ಬೇಡ ಅನ್ನುವ ಆಸೆ ಇದೆ, ಅನ್ನಲು ಆಗುತ್ತಿಲ್ಲ, ಅದು ಕಣ್ಣಲ್ಲಿ ಇದ್ದರೆ ಸಾಕು. ನಗು ಆ ಕಣ್ಣಿನಲ್ಲೇ ಇದೆ. ಅದನ್ನು ಹತ್ತಿರದಿಂದ ತೋರಿಸುವ ಕೆಲಸ ಕ್ಯಾಮೆರಾದ್ದು. ಎಷ್ಟು ಹೊತ್ತು ತೋರಿಸಬೇಕು ಅನ್ನುವುದು ಸಂಕಲನಕಾರರ ಕೆಲಸ. ವೇದಿಕೆಯಲ್ಲಿ ಟೈಮಿಂಗ್ ಪೂರ್ತಿ ಅವನ ಕೈಯಲ್ಲಿತ್ತು. ಇಲ್ಲಿ ಅದರಲ್ಲಿ ಅರ್ಧ ಪಾಲನ್ನು ಬೇರೆಯವರಿಗೆ ಬಿಟ್ಟುಕೊಡಬೇಕು. ಒಬ್ಬನೇ ನಿಂತು ಗೆದ್ದವನಿಗೆ ಇದು ತುಂಬಾ ಕಷ್ಟ. ಅವನ ಮೇಲೆ ಸಿಟ್ಟಾಗಬೇಡಿ.

ರಾಜು ತಾಳಿಕೋಟೆಯವರ ವಿಷಯಕ್ಕೆ ಬರೋಣ. ನೀವು ಅವರ ಹೆಸರು ಬರೆದದ್ದು ನನಗೆ ಖುಷಿ ಆಯಿತು. 2025ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಶೂಟಿಂಗ್‌ಗೆ ಅಂತ ಉಡುಪಿ ಜಿಲ್ಲೆಗೆ ಹೋದವರಿಗೆ ಅಲ್ಲೇ ಹೃದಯಾಘಾತ ಆಯಿತು. ಆಗ ಸರ್ಕಾರದ ನಾಟಕ ಸಂಸ್ಥೆಯಾದ ಧಾರವಾಡ ರಂಗಾಯಣದ ನಿರ್ದೇಶಕರೂ ಆಗಿದ್ದರು. ನಮ್ಮ ವಿಜಯಪುರ ಜಿಲ್ಲೆಯ ಮನುಷ್ಯ, ತಗಡಿನ ಥೇಟರ್‌ನಲ್ಲಿ ಬೆಳೆದ ಹಾಸ್ಯನಟ, ರಂಗಾಯಣದ ಕುರ್ಚಿಯಲ್ಲಿ ಕೂತದ್ದು ನಮಗೆಲ್ಲ ಸಣ್ಣ ವಿಷಯ ಆಗಿರಲಿಲ್ಲ.

ಆದರೆ ಅವರು ಸ್ಟ್ಯಾಂಡ್‌ಅಪ್‌ನಿಂದ ಹೋದವರಲ್ಲ. ಇದನ್ನು ನಿಮ್ಮ ತಮ್ಮ ಚೆನ್ನಾಗಿ ತಿಳಿದುಕೊಳ್ಳಬೇಕು. ಅವರು ಬಂದದ್ದು ಕಂಪನಿ ನಾಟಕದಿಂದ. ತಾಳಿಕೋಟೆಯ ಖಾಸ್ಗತೇಶ್ವರನ ಹೆಸರಿನ ಕಂಪನಿ ಅವರದು. ‘ಕಲಿಯುಗದ ಕುಡುಕ’ ನಾಟಕದಿಂದ ಅವರ ಹೆಸರು ಮನೆಮನೆಗೆ ಹೋಯಿತು. ನಾಟಕ ನೋಡದವರೂ ಅದರ ಕ್ಯಾಸೆಟ್ ಕೇಳಿದ್ದರು. ಟ್ರ್ಯಾಕ್ಟರ್‌ನಲ್ಲಿ, ಚಹಾದಂಗಡಿಯಲ್ಲಿ, ಟೆಂಪೋದಲ್ಲಿ ಎಲ್ಲೆಲ್ಲೂ ಅದೇ. ಹೀಗೆ ಬರೀ ದನಿಯಿಂದ ಒಂದು ಪೀಳಿಗೆಯ ಕಿವಿಯಲ್ಲಿ ಕೂತ ಮೇಲೆ ಅವರು ಪರದೆಗೆ ಬಂದರು. 2009ರ ‘ಮನಸಾರೆ’ಯಲ್ಲಿ ಹುಚ್ಚಾಸ್ಪತ್ರೆಯ ರೋಗಿಗಳಲ್ಲಿ ಒಬ್ಬರಾಗಿ ಕಾಣಿಸಿಕೊಂಡಾಗ ಅವರಿಗೆ ನಲವತ್ತು ದಾಟಿತ್ತು. ಮರುವರ್ಷ ‘ಪಂಚರಂಗಿ’. ಆಮೇಲೆ ಸಾಲು ಸಾಲು ಸಿನಿಮಾ.

ಕಂಪನಿ ನಾಟಕದ ಹಾಸ್ಯಪಾತ್ರಧಾರಿ ಒಬ್ಬನೇ ಇರುವುದಿಲ್ಲ. ಅವನ ಜೊತೆ ಹಾಸ್ಯದ ಹೆಣ್ಣುಪಾತ್ರ ಇರುತ್ತದೆ, ಗೌಡ ಇರುತ್ತಾನೆ, ಖಳ ಇರುತ್ತಾನೆ, ಅಳುವ ತಾಯಿ ಇರುತ್ತಾಳೆ. ಅವರ ಮಾತಿಗೆ ಇವನು ಮಾತು ಕೊಡಬೇಕು. ಎದುರಿನವರು ಒಂದು ಮಾತು ಮರೆತರೆ ಇವನು ಆ ಕ್ಷಣದಲ್ಲೇ ಹೆಣೆದು ಕಥೆಯನ್ನು ದಾರಿಗೆ ತರಬೇಕು. ಅದಕ್ಕೆ ಕಿವಿ ಬೇಕು. ಮತ್ತೆ ಆ ಕುಡುಕನ ಪಾತ್ರ ಬರೀ ತೂರಾಡುವುದಲ್ಲ. ಕುಡಿದವನು ಯಾವಾಗಲೂ ತಾನು ನೆಟ್ಟಗೆ ನಡೆಯುತ್ತಿದ್ದೇನೆ ಅಂತ ತೋರಿಸಲು ಒದ್ದಾಡುತ್ತಾನೆ. ತೂರಾಡಿಸಿದರೆ ಅದು ನಕಲು. ನೆಟ್ಟಗೆ ನಿಲ್ಲಲು ಒದ್ದಾಡಿಸಿದರೆ ಅದು ಪಾತ್ರ. ಪರದೆಯ ಮೇಲೆ ಉಳಿಯುವುದು ಈ ಎರಡನೆಯದು.

ಇದು ನಮ್ಮಲ್ಲಿ ಹೊಸದೇನೂ ಅಲ್ಲ. ಕೃಷ್ಣಪಾರಿಜಾತ ನೋಡಿದ್ದೀರಲ್ಲ? ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಬೆಳೆಸಿದ ಬಯಲಾಟ, ನಿಮ್ಮ ಊರಿಗೆ ಹತ್ತಿರದ್ದೇ. ಅದರಲ್ಲಿ ಹಾಡಿ ಆಟ ನಡೆಸುವ ಭಾಗವತನೇ ದೂತಿಯಾಗಿ ಸತ್ಯಭಾಮೆಯ ಪಕ್ಕ ನಿಲ್ಲುತ್ತಾನೆ. ಭಾಮೆ ಸಿಟ್ಟಿನಲ್ಲಿ ಕುದಿಯುತ್ತಿರುತ್ತಾಳೆ. ದೂತಿ ಒಂದು ಪ್ರಶ್ನೆ ಕೇಳುತ್ತಾಳೆ, ಜನ ಹೊಟ್ಟೆ ಹಿಡಿದು ನಗುತ್ತಾರೆ. ದೂತಿಯ ಮಾತಿನಲ್ಲಿ ಅಂಥ ಜೋಕ್ ಏನೂ ಇರುವುದಿಲ್ಲ. ಭಾಮೆ ಹೇಳಿದ್ದನ್ನು ಆಕೆ ಪೂರ್ತಿ ಕೇಳಿಸಿಕೊಂಡಿರುತ್ತಾಳೆ, ಅಷ್ಟೇ. ಅದೇ ಮಾತನ್ನು ಸ್ವಲ್ಪ ಓರೆ ಮಾಡಿ ವಾಪಸ್ ಕೊಡುತ್ತಾಳೆ. ನಿಮ್ಮ ತಮ್ಮನಿಗೆ ಬೇಕಾದ ಪಾಠ ನಿಮ್ಮ ಮನೆಯ ಹಿತ್ತಲಿನಲ್ಲೇ ಇದೆ ಅಂತ ನಾನು ಹೇಳುವುದು ಇದಕ್ಕೇ.

ಜಾನಿ ಲಿವರ್ ಅವರ ದಾರಿ ಬೇರೆ, ನಿಮ್ಮ ತಮ್ಮನ ದಾರಿಗೆ ಅದೇ ಹತ್ತಿರ. ಹುಟ್ಟಿದ್ದು 1957ರಲ್ಲಿ ಆಂಧ್ರದಲ್ಲಿ, ತೆಲುಗು ಮನೆತನ. ಬೆಳೆದದ್ದು ಮುಂಬೈಯ ಧಾರಾವಿಯಲ್ಲಿ. ಮನೆಯಲ್ಲಿ ದುಡ್ಡಿಲ್ಲ, ಏಳನೇ ಇಯತ್ತೆಗೆ ಶಾಲೆ ಬಿಟ್ಟರು. ಬೀದಿಯಲ್ಲಿ ಪೆನ್ ಮಾರಿದರು. ಸಿನಿಮಾ ನಟರ ದನಿಯಲ್ಲಿ ಕೂಗಿ ಮಾರುತ್ತಿದ್ದರು. ಆಮೇಲೆ ಅಪ್ಪ ಕೆಲಸ ಮಾಡುತ್ತಿದ್ದ ಹಿಂದುಸ್ತಾನ್ ಲಿವರ್ ಕಾರ್ಖಾನೆಯಲ್ಲೇ ಕೂಲಿ. ಅಲ್ಲಿಯ ಒಂದು ಕಾರ್ಯಕ್ರಮದಲ್ಲಿ ದೊಡ್ಡ ಸಾಹೇಬರುಗಳ ನಡೆ, ಮಾತು ಎಲ್ಲ ಮಾಡಿ ತೋರಿಸಿದರು. ಅವತ್ತಿನಿಂದ ಗೆಳೆಯರು ಜಾನಿ ಲಿವರ್ ಅಂತಲೇ ಕರೆದರು. ಆ ಹೆಸರೇ ಉಳಿಯಿತು. ಸಂಗೀತ ನಿರ್ದೇಶಕರಾದ ಕಲ್ಯಾಣ್‌ಜಿ-ಆನಂದ್‌ಜಿ ಅವರ ಜೊತೆ ಊರೂರು, ದೇಶ ದೇಶ ತಿರುಗಿ ಸ್ಟೇಜ್ ಶೋ ಕೊಟ್ಟರು. ನಮ್ಮ ದೇಶದಲ್ಲಿ ಒಬ್ಬನೇ ನಿಂತು ನಗಿಸುವ ಕಲೆಯನ್ನು ಹೊಟ್ಟೆಪಾಡಿನ ಕೆಲಸವಾಗಿ ಮಾಡಿದ ಮೊದಲಿಗರಲ್ಲಿ ಅವರೂ ಒಬ್ಬರು.

ಸಿನಿಮಾ ಶುರುವಾದದ್ದು 1980ರ ದಶಕದ ಮೊದಲಲ್ಲೇ. ಆದರೆ ಎಲ್ಲರ ಬಾಯಲ್ಲಿ ಹೆಸರು ಬಂದದ್ದು 1993ರಲ್ಲಿ, ‘ಬಾಜಿಗರ್’ನ ಮರೆಗುಳಿ ಆಳು ಬಾಬುಲಾಲ್‌ನಿಂದ. ನಡುವೆ ಹತ್ತು ವರ್ಷಕ್ಕೂ ಜಾಸ್ತಿ. ಆ ಹತ್ತು ವರ್ಷ ಅವರೇನು ಸುಮ್ನೆ ಕೂತಿರಲಿಲ್ಲ. ಸಣ್ಣ ಸಣ್ಣ ಪಾತ್ರ ಮಾಡಿದರು, ಸ್ಟೇಜ್ ಬಿಡಲಿಲ್ಲ. ಬಾಬುಲಾಲ್‌ನನ್ನು ನೋಡಿ. ಅಲ್ಲಿ ಮಿಮಿಕ್ರಿ ಇಲ್ಲ. ಒಬ್ಬ ಮನುಷ್ಯ, ಅವನಿಗೆ ಒಂದು ತೊಂದರೆ. ಏನು ಹೇಳಿದರೂ ಮರೆತುಹೋಗುತ್ತದೆ. ಮರೆತಿದ್ದೇನೆ ಅನ್ನುವುದೂ ಮರೆತುಹೋಗುತ್ತದೆ. ಬೇರೆಯವರ ದನಿ ಎರವಲು ತಂದು ಬದುಕಿದ ಕಲಾವಿದ ಅಲ್ಲಿ ತನ್ನದೇ ಒಬ್ಬ ಮನುಷ್ಯನನ್ನು ಕಟ್ಟಿದರು. ಆಗ ಅವರಿಗೆ 36 ವರ್ಷ. ನಿಮ್ಮ ತಮ್ಮನಿಗೆ 27. ಅಪ್ಪನಿಗೆ ಈ ಲೆಕ್ಕ ಹೇಳಿ.

ಇನ್ನೊಂದು ದೂರದ ಉದಾಹರಣೆ ಕೊಡದೆ ಇರಲು ಆಗುತ್ತಿಲ್ಲ. ಅಮೆರಿಕದ ರಾಬಿನ್ ವಿಲಿಯಮ್ಸ್. ವೇದಿಕೆಯಲ್ಲಿ ಅವರಷ್ಟು ವೇಗದ ತಲೆ ಇನ್ನೊಂದಿಲ್ಲ ಅಂತ ಜನ ಹೇಳುತ್ತಿದ್ದರು. ಐದು ನಿಮಿಷದಲ್ಲಿ ಹತ್ತು ದನಿ, ಹತ್ತು ಮನುಷ್ಯರು. ಅವರು ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ನಟನೆ ಕಲಿತವರು ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಆಮೇಲೆ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸ್ಟ್ಯಾಂಡ್‌ಅಪ್, 1978ರಿಂದ ಟಿವಿ ಧಾರಾವಾಹಿ, 1980ರಲ್ಲಿ ದೊಡ್ಡ ಸಿನಿಮಾದ ನಾಯಕ. ಅಷ್ಟಾದರೂ ಅವರ ಕಲೆಗೆ ತಕ್ಕ ಪಾತ್ರ ಸಿಕ್ಕಿದ್ದು 1987ರ ಒಂದು ಸಿನಿಮಾದಲ್ಲಿ. ಅದರಲ್ಲಿ ಅವರು ರೇಡಿಯೋದಲ್ಲಿ ಪಟಪಟ ಮಾತಾಡುವ ಸೈನಿಕ. ವೇದಿಕೆಯ ವೇಗ ಅಲ್ಲಿ ಕಥೆಗೆ ಬೇಕಾಗಿತ್ತು. ಅವರಿಗೂ ಆಗ 36.

ಆದರೆ ಆಸ್ಕರ್ ಬಂದದ್ದು ಆ ವೇಗಕ್ಕಲ್ಲ. 1997ರ ‘ಗುಡ್ ವಿಲ್ ಹಂಟಿಂಗ್’ನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರ ಪಾತ್ರಕ್ಕೆ ಬಂತು. ಅದರಲ್ಲಿ ಪಾರ್ಕಿನ ಬೆಂಚಿನ ಮೇಲೆ ಹುಡುಗನ ಪಕ್ಕ ಕೂತು ಮೆಲ್ಲಗೆ ಮಾತಾಡುವ ಒಂದು ದೃಶ್ಯ ಇದೆ. ಕೈ ಆಡುವುದಿಲ್ಲ. ದನಿ ಬದಲಾಗುವುದಿಲ್ಲ. ನಾನು ನನ್ನ ವಿದ್ಯಾರ್ಥಿಗಳಿಗೆ ಅದನ್ನು ಮೊದಲು ಸೌಂಡ್ ತೆಗೆದು ತೋರಿಸುತ್ತೇನೆ. ಭಾಷೆ ಅರ್ಥವಾಗದಿದ್ದರೂ ಆ ಮನುಷ್ಯ ಏನನ್ನೋ ಕಳೆದುಕೊಂಡಿದ್ದಾನೆ ಅಂತ ಹುಡುಗರಿಗೆ ಗೊತ್ತಾಗುತ್ತದೆ. ಅಷ್ಟು ವೇಗ ಇರುವವನು ಅಷ್ಟು ಸುಮ್ಮನಿರಲು ಎಷ್ಟು ದುಡಿದಿರಬೇಕು!

ಬೇರೆಯವರ ಬಗ್ಗೆ ಎರಡೇ ಮಾತು. ಕೆನಡಾದ ಜಿಮ್ ಕ್ಯಾರಿ 15ನೇ ವಯಸ್ಸಿಗೆ ಟೊರೊಂಟೋದ ಕ್ಲಬ್‌ನಲ್ಲಿ ಮೊದಲ ಸಲ ನಿಂತು ಪೂರ್ತಿ ಸೋತರು, ಮತ್ತೆ ಹೋಗಿ ನಿಂತರು. ತಮಿಳಿನ ಶಿವಕಾರ್ತಿಕೇಯನ್ ಟಿವಿಯ ಹಾಸ್ಯ ಸ್ಪರ್ಧೆಯಲ್ಲಿ ಗೆದ್ದು, ನಿರೂಪಕನಾಗಿ ವರ್ಷಗಟ್ಟಲೆ ದುಡಿದು, 2012ರಲ್ಲಿ ನಾಯಕನಾದರು. ನಮ್ಮ ದಾನಿಶ್ ಸೇಠ್ ರೇಡಿಯೋ ಫೋನ್ ಕರೆಗಳಲ್ಲಿ ಹುಟ್ಟಿಸಿದ ನೊಗರಾಜ್ ಅನ್ನುವ ಪಾತ್ರವನ್ನು 2018ರಲ್ಲಿ ಸಿನಿಮಾಕ್ಕೆ ಕರೆದುಕೊಂಡು ಹೋದರು. ನರಸಿಂಹರಾಜು ಅವರಂತೂ ಚಿಕ್ಕಂದಿನಿಂದ ನಾಟಕ ಕಂಪನಿಯಲ್ಲಿ ಬೆಳೆದು 1954ರ ‘ಬೇಡರ ಕಣ್ಣಪ್ಪ’ದಲ್ಲಿ ಪರದೆಗೆ ಬಂದವರು. ಕಥೆಗಳು ಬೇರೆ ಬೇರೆ. ಆದರೆ ಇವರಲ್ಲಿ ಯಾರೂ ನೇರ ಜಿಗಿದವರಲ್ಲ. ವೇದಿಕೆಗೂ ಸಿನಿಮಾಕ್ಕೂ ನಡುವೆ ಎಲ್ಲರಿಗೂ ಒಂದು ಮೆಟ್ಟಿಲು ಇತ್ತು. ಒಬ್ಬರಿಗೆ ಟಿವಿ, ಒಬ್ಬರಿಗೆ ರೇಡಿಯೋ, ಒಬ್ಬರಿಗೆ ಕಂಪನಿ. ನಿಮ್ಮ ತಮ್ಮ ಜಮಖಂಡಿಯ ವೇದಿಕೆಯಿಂದ ನೇರ ಬೆಂಗಳೂರಿನ ಆಡಿಷನ್ ಕೋಣೆಗೆ ಜಿಗಿಯುತ್ತಿದ್ದಾನೆ.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರದ ಒಂದು ವಿಷಯ. ಆಡಿಷನ್‌ನಲ್ಲಿ ಅವನು ಯಾವ ಭಾಷೆಯಲ್ಲಿ ಮಾತಾಡಿದ ಅಂತ ನೀವು ಬರೆದಿಲ್ಲ. ನಾನು ಊಹೆ ಮಾಡಬಲ್ಲೆ. ನಮ್ಮ ಕಡೆಯ ಮಾತನ್ನೇ ಇನ್ನಷ್ಟು ಜೋರು ಮಾಡಿ, ‘ಏನ್ಲೇ’ ‘ಯಾಕ್ಲೇ’ ನಾಲ್ಕು ಜಾಸ್ತಿ ಸೇರಿಸಿ ಹೇಳಿರುತ್ತಾನೆ. ಬೆಂಗಳೂರಿನವರಿಗೆ ಅದೇ ಬೇಕು ಅಂತ ನಮ್ಮ ಹುಡುಗರು ನಂಬಿದ್ದಾರೆ. ಕೆಲವರಿಗೆ ಅದೇ ಬೇಕು ಅನ್ನುವುದೂ ನಿಜ. ಎಷ್ಟೋ ಸಿನಿಮಾಗಳಲ್ಲಿ ನಮ್ಮ ಮಾತಾಡುವವನು ಆಳು, ಕುಡುಕ, ಇಲ್ಲ ದಡ್ಡ. ಅವನು ಬಾಯಿ ತೆಗೆದರೆ ಸಾಕು, ನಗಬೇಕು ಅಂತ ಲೆಕ್ಕ. ಸೆಟ್‌ನಲ್ಲಿ ಕೂತು ನಾನು ಈ ವಿಷಯಕ್ಕೆ ಜಗಳ ಆಡಿದ್ದೇನೆ. ನಮ್ಮ ಮಾತಿನಲ್ಲಿ ನಾವು ಮಗಳನ್ನು ಗಂಡನ ಮನೆಗೆ ಕಳಿಸುತ್ತೇವೆ. ಸಾಲ ಕೇಳುತ್ತೇವೆ. ಸತ್ತವರ ಮುಂದೆ ಅಳುತ್ತೇವೆ. ಅದು ಜೋಕ್ ಅಲ್ಲ, ಅದು ನಮ್ಮ ಬದುಕು. ನಿಮ್ಮ ತಮ್ಮ ತನ್ನ ಮಾತನ್ನೇ ಜೋಕ್ ಮಾಡಿ ಮಾರಿದರೆ ಒಂದೆರಡು ಪಾತ್ರ ಸಿಗಬಹುದು. ಆಮೇಲೆ ಅವನಿಗೆ ಅದೇ ಪಾತ್ರ, ಅದೇ ‘ಏನ್ಲೇ’. ಅವನ ಮುಖ ಯಾರಿಗೂ ನೆನಪಿರುವುದಿಲ್ಲ.

ಅದೇ ಮಾತನ್ನು ಅವನು ಸಹಜವಾಗಿ ಆಡಿದರೆ ಅದು ದೊಡ್ಡ ಆಸ್ತಿ. ಜಮಖಂಡಿಯವನಿಗೆ ಮೀರಜ್, ಸಾಂಗ್ಲಿ ಹತ್ತಿರ. ಮರಾಠಿ ಕಿವಿಗೆ ಬಿದ್ದಿರುತ್ತದೆ. ವಿಜಯಪುರದ ಕಡೆ ಸ್ವಲ್ಪ ತಿರುಗಿದ್ದರೆ ದಖ್ಖನಿ ಹಿಂದಿಯೂ ಬಾಯಲ್ಲಿ ಇರುತ್ತದೆ. ಮೂರು ಭಾಷೆಯಲ್ಲಿ ಸುಳ್ಳಿಲ್ಲದೆ ಮಾತಾಡುವ ನಟ ಸುಲಭಕ್ಕೆ ಸಿಗುವುದಿಲ್ಲ. ಬೆಂಗಳೂರು ಒಂದೇ ಊರಲ್ಲ ಅಂತಲೂ ಅವನಿಗೆ ಹೇಳಿ. ಬೆಳಗಾವಿ ಕಡೆ ಮರಾಠಿ ನಾಟಕ ಮಾಡುವವರಿದ್ದಾರೆ, ಕನ್ನಡ ತಂಡಗಳಿವೆ. ಎರಡೂ ಕಡೆ ಓಡಾಡಲಿ.

ಹಾಗಾದರೆ ಮಾಡುವುದೇನು? ಮೊದಲು, ಮುಂದಿನ ಆರು ತಿಂಗಳು ಆಡಿಷನ್ ಬೇಡ. ಹಾಸ್ಯ ಕಾರ್ಯಕ್ರಮ ನಿಲ್ಲಿಸುವುದೂ ಬೇಡ. ಅದು ಅವನ ದುಡಿಮೆ, ಅವನ ಶಕ್ತಿ. ಅದರ ಜೊತೆಗೆ ಒಂದು ನಾಟಕದಲ್ಲಿ ಪಾತ್ರ ಮಾಡಲಿ. ಹಾಸ್ಯದ ಪಾತ್ರ ಬೇಡ. ಜಾಸ್ತಿ ಮಾತಿಲ್ಲದ, ಬೇರೆಯವರ ಮಾತು ಕೇಳುತ್ತಾ ನಿಲ್ಲುವ ಪಾತ್ರ ಕೇಳಿ ತಗೊಳ್ಳಲಿ. ಒಂದು ವರ್ಷ ಕೊಡಲು ಮನೆಯಲ್ಲಿ ಒಪ್ಪಿದರೆ ಹೆಗ್ಗೋಡಿನ ನೀನಾಸಂ ಇದೆ, ಸಾಣೇಹಳ್ಳಿಯ ರಂಗಶಾಲೆ ಇದೆ. ಬೆಳಗ್ಗೆಯಿಂದ ರಾತ್ರಿ ತನಕ ಹತ್ತಾರು ಜನರ ಜೊತೆ ನಾಟಕ ಮಾಡುತ್ತಾ ಬದುಕಿದರೆ ಒಬ್ಬನೇ ಆಡುವ ಚಟ ತಾನಾಗಿ ಬಿಡುತ್ತದೆ. ಒಪ್ಪದಿದ್ದರೆ ಧಾರವಾಡ ರಂಗಾಯಣದ ಶಿಬಿರಗಳ ಕಡೆ ಕಣ್ಣಿಟ್ಟಿರಲಿ.

ಮನೆಯಲ್ಲಿ ಮಾಡುವ ಅಭ್ಯಾಸಕ್ಕೆ ನೀವೇ ಬೇಕು. ಒಂದು ಪುಟದ ಮಾತುಕತೆ ಬರೆದುಕೊಳ್ಳಿ. ಅಕ್ಕ ತಮ್ಮನ ಹತ್ತಿರ ದುಡ್ಡು ಕೇಳುತ್ತಾಳೆ, ತಮ್ಮನ ಹತ್ತಿರ ಇಲ್ಲ, ಇಲ್ಲ ಅನ್ನಲು ಆಗುತ್ತಿಲ್ಲ. ಇಂಥದ್ದು ಏನಾದರೂ. ಮೊಬೈಲನ್ನು ಡಬ್ಬಿಗೆ ಒರಗಿಸಿ ರೆಕಾರ್ಡ್ ಹಾಕಿ. ಮೊದಲ ಸಲ ಅವನು ಜಾತ್ರೆಯ ಜನ ಮುಂದಿದ್ದಾರೆ ಅಂದುಕೊಂಡು ಮಾಡಲಿ. ಎರಡನೇ ಸಲ ಪಡಸಾಲೆಯಲ್ಲಿ ಅಪ್ಪ, ಅವ್ವ ಕೂತಿದ್ದಾರೆ ಅಂದುಕೊಂಡು. ಮೂರನೇ ಸಲ ಪಕ್ಕದ ಕೋಣೆಯಲ್ಲಿ ಕೂಸು ಮಲಗಿದೆ, ಎಚ್ಚರ ಆಗಬಾರದು ಅಂದುಕೊಂಡು. ಮೂರನ್ನೂ ಒಟ್ಟಿಗೆ ನೋಡಿ. ಮೂರನೆಯದರಲ್ಲಿ ಅವನು ನಿಮ್ಮನ್ನು ನಿಜವಾಗಿ ನೋಡಿರುತ್ತಾನೆ. ಯಾಕೆಂದರೆ ದನಿ ಏರಿಸಲು ಆಗದಿದ್ದಾಗ ಕಣ್ಣು ಕೆಲಸ ಮಾಡಲೇಬೇಕು. ಇದನ್ನು ನಾನು ಎಷ್ಟು ಹುಡುಗರಿಂದ ಮಾಡಿಸಿದ್ದೇನೋ ಲೆಕ್ಕ ಇಲ್ಲ. ಮೊದಲ ದಿನವೇ ವ್ಯತ್ಯಾಸ ಕಾಣುತ್ತದೆ.

ಒಂದು ಸಣ್ಣ ತಾಂತ್ರಿಕ ವಿಷಯವೂ ಇದೆ. ಸಿನಿಮಾದಲ್ಲಿ ಒಂದೇ ದೃಶ್ಯವನ್ನು ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ, ಎದುರಿನವರ ಭುಜದ ಮೇಲಿಂದ ಒಮ್ಮೆ ಅಂತ ಪದೇ ಪದೇ ತೆಗೆಯುತ್ತಾರೆ. ಮೊದಲ ಸಲ ‘ಇಲ್ರಿ’ ಅನ್ನುವಾಗ ಕಪ್ ಎತ್ತಿದ್ದರೆ ಪ್ರತಿ ಸಲವೂ ‘ಇಲ್ರಿ’ ಅನ್ನುವಾಗಲೇ ಎತ್ತಬೇಕು. ಇಲ್ಲದಿದ್ದರೆ ಜೋಡಿಸಲು ಬರುವುದಿಲ್ಲ. ಪ್ರತಿ ರಾತ್ರಿ ಹೊಸದು ಸೇರಿಸುವ ಹಾಸ್ಯಗಾರನಿಗೆ ಇದು ಕೈಕಾಲು ಕಟ್ಟಿದ ಹಾಗೆ ಆಗುತ್ತದೆ. ಊಟದ ತಟ್ಟೆ, ಚಹಾ ಕಪ್ ಹಿಡಿದು ಮಾತಾಡುವ ಅಭ್ಯಾಸ ಈಗಿನಿಂದಲೇ ಇರಲಿ.

ಆಡಿಷನ್‌ಗೆ ಮತ್ತೆ ಹೋಗುವಾಗ ಕಾರ್ಯಕ್ರಮದ ಜೋಕ್ ಒಂದನ್ನೂ ಒಯ್ಯಬಾರದು. ಎರಡು ತುಣುಕು ಸಾಕು. ಒಂದರಲ್ಲಿ ನಗು ಇರಬಾರದು, ನಮ್ಮ ಮಾತಿನಲ್ಲೇ ಇರಬೇಕು. ಇನ್ನೊಂದರಲ್ಲಿ ಮಾತೇ ಇರಬಾರದು. ಬಸ್ ತಪ್ಪಿದವನು ಸ್ಟ್ಯಾಂಡಿನಲ್ಲಿ ಕೂತಿದ್ದಾನೆ, ಅಷ್ಟೇ. ಹಾಸ್ಯ ಬರುತ್ತದೆ ಅಂತ ಅವರಿಗೆ ಅವನ ಯೂಟ್ಯೂಬ್ ವಿಡಿಯೋದಿಂದಲೇ ಗೊತ್ತಾಗುತ್ತದೆ.

ದುಡ್ಡಿನ ವಿಷಯ. ಪಾತ್ರ ಕೊಡುತ್ತೇವೆ, ಮೊದಲು ಇಷ್ಟು ಕಟ್ಟು, ಫೋಟೋ ಖರ್ಚು, ಕಾರ್ಡ್ ಖರ್ಚು ಅಂತ ಕೇಳುವವರ ಹತ್ತಿರ ಒಂದು ನಿಮಿಷವೂ ನಿಲ್ಲಬಾರದು. ನಟನೆಗೆ ನಟನಿಗೆ ದುಡ್ಡು ಕೊಡುತ್ತಾರೆ, ನಟನಿಂದ ತಗೊಳ್ಳುವುದಿಲ್ಲ. ಪಾತ್ರ ಸಿಕ್ಕರೆ ಎಷ್ಟು ದಿನ, ಎಷ್ಟು ಹಣ, ಬಸ್ ಚಾರ್ಜ್ ಮತ್ತು ವಸತಿ ಯಾರದು ಅಂತ ಕಾಗದದ ಮೇಲೆ ಬರೆಸಿಕೊಳ್ಳಲಿ. ಇನ್ನೊಂದು ಸಾಲನ್ನು ಮರೆಯದೆ ಬರೆಸಲಿ. ಡಬ್ಬಿಂಗ್ ತಾನೇ ಮಾಡುತ್ತೇನೆ ಅಂತ. ಕನ್ನಡದಲ್ಲಿ ಎಷ್ಟೋ ಸಿನಿಮಾಗಳಿಗೆ ಈಗಲೂ ದನಿ ಆಮೇಲೆ ಸೇರಿಸುತ್ತಾರೆ. ಹುಡುಗ ಊರಿಗೆ ವಾಪಸ್ ಹೋಗಿದ್ದಾನೆ, ಯಾರು ಕರೆಸುತ್ತಾರೆ ಅಂತ ಬೇರೆಯವರಿಂದ ಮಾಡಿಸಿಬಿಡುತ್ತಾರೆ. ನಮ್ಮ ಕಡೆಯ ನಟನ ಮುಖಕ್ಕೆ ನಮ್ಮ ಮಾತು ಬಾರದವರ ದನಿ ಅಂಟಿಸಿದ್ದನ್ನು ನಾನು ಥಿಯೇಟರ್‌ನಲ್ಲಿ ಕೂತು ಕೇಳಿದ್ದೇನೆ. ಆ ನಟನ ಅವ್ವ ನನ್ನ ಪಕ್ಕದಲ್ಲೇ ಇದ್ದರು. ‘ಇದು ನನ್ನ ಮಗನ ದನಿ ಅಲ್ಲಲ್ರಿ’ ಅಂದರು.

ಅವನು ಮನೆಯಲ್ಲಿ ಮಾತಾಡುತ್ತಿಲ್ಲ ಅಂದಿರಲ್ಲ, ಅದು ನನಗೆ ಉಳಿದದ್ದಕ್ಕಿಂತ ಜಾಸ್ತಿ ಮುಖ್ಯ. ರಾಬಿನ್ ವಿಲಿಯಮ್ಸ್ 2014ರಲ್ಲಿ ತಾವೇ ಜೀವ ಕಳೆದುಕೊಂಡಾಗ ‘ನಗಿಸುವವನ ಒಳಗೆ ಅಳು’ ಅಂತ ಎಲ್ಲರೂ ಬರೆದರು. ಆಮೇಲೆ ಪರೀಕ್ಷೆಯಲ್ಲಿ ಅವರ ಮೆದುಳಿಗೆ ಲೂಯಿ ಬಾಡಿ ಅನ್ನುವ ಕಾಯಿಲೆ ಇತ್ತು ಅಂತ ಗೊತ್ತಾಯಿತು. ಹಾಸ್ಯಗಾರರೆಲ್ಲ ಒಳಗೆ ದುಃಖಿಗಳು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ವಾರಕ್ಕೆ ಮೂರು ರಾತ್ರಿ ಐನೂರು ಜನರ ನಗು ಕೇಳಿದವನಿಗೆ ‘ನಿನ್ನದು ಜಾಸ್ತಿ ಆಯಿತು’ ಅಂತ ಮೂರು ಸಲ ಹೇಳಿದರೆ, ತನ್ನ ಕೈಯಲ್ಲಿದ್ದ ಒಂದೇ ವಿದ್ಯೆಯೂ ಸುಳ್ಳೇನೋ ಅನ್ನಿಸುತ್ತದೆ. ಹಾಗನ್ನಿಸಿದವನ ಮುಂದೆ ‘ಒಂದು ಜೋಕ್ ಹೇಳೋ’ ಅಂತ ಯಾರೂ ಅನ್ನಬಾರದು, ನೆಂಟರೂ ಅನ್ನಬಾರದು. ನಗಿಸದೆ ಇದ್ದರೂ ಮನೆಯಲ್ಲಿ ಅವನಿಗೆ ಜಾಗ ಇದೆ ಅಂತ ಗೊತ್ತಾಗಲಿ. ಅಂಗಡಿ ವಿಷಯ ಅಪ್ಪ ಹೇಳುವುದರಲ್ಲಿ ತಪ್ಪಿಲ್ಲ. ಬೆಳಗ್ಗೆ ನಾಲ್ಕು ತಾಸು ಗಲ್ಲಾದಲ್ಲಿ ಕೂರಲಿ. ಉದ್ರಿ ಕೇಳಲು ಬಂದವನು ಮಾತು ಹೇಗೆ ಶುರು ಮಾಡುತ್ತಾನೆ, ಕಣ್ಣು ಎಲ್ಲಿ ಇಡುತ್ತಾನೆ, ಕೈ ಏನು ಮಾಡುತ್ತದೆ ನೋಡಲಿ. ನಟನಿಗೆ ಅಂಗಡಿಗಿಂತ ಒಳ್ಳೆಯ ಶಾಲೆ ನಾನು ಕಂಡಿಲ್ಲ. ಮಾತು ಕಡಿಮೆಯಾದದ್ದರ ಜೊತೆಗೆ ನಿದ್ದೆ, ಊಟ ಕೂಡ ಕೆಟ್ಟಿದ್ದರೆ ಮಾತ್ರ ತಡ ಮಾಡದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನಸ್ಸಿನ ವೈದ್ಯರು ಸಿಗುತ್ತಾರೆ.

ಇನ್ನೊಂದು ಕೆಲಸ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ ಬರುತ್ತದೆ. ಸಾಲಾಗಿ ನಾಟಕ ಕಂಪನಿಗಳು ಹೂಡುತ್ತವೆ, ಬೆಳಗಿನ ತನಕ ಆಟ. ನೀವಿಬ್ಬರೂ ಹೋಗಿ. ಒಂದೇ ಕಂಪನಿಯ ಒಂದೇ ನಾಟಕವನ್ನು ಎರಡು ರಾತ್ರಿ ನೋಡಿ. ಮೊದಲ ರಾತ್ರಿ ಅವನು ಹಾಸ್ಯಪಾತ್ರಧಾರಿಯನ್ನು ನೋಡಲಿ, ಮನಸಾರೆ ನಗಲಿ. ಎರಡನೇ ರಾತ್ರಿ ಹಾಸ್ಯಗಾರನನ್ನು ನೋಡಲೇಬಾರದು. ಅವನು ಮಾತಾಡುವಾಗ ಪಕ್ಕದಲ್ಲಿ ನಿಂತವರನ್ನು ನೋಡಲಿ. ಅವರು ಏನು ಮಾಡುತ್ತಾರೆ, ಎಲ್ಲಿ ತಿರುಗುತ್ತಾರೆ, ಯಾವಾಗ ತಡೆಯುತ್ತಾರೆ ಅಂತ ಬರೆದುಕೊಳ್ಳಲಿ. ಬರೆದದ್ದನ್ನು ನನಗೆ ಕಳಿಸಲು ಹೇಳಿ. ಅದನ್ನು ಓದಿ ಮುಂದಿನ ಮಾತು ಅವನ ಜೊತೆಗೇ ಆಡುತ್ತೇನೆ.